ಇಸ್ತಾಂಬುಲ್‌ಗೆ ಕಸ್ತೂರಿಯ ಒಪ್ಪಿಗೆ

ಕಾನ್‌ಸ್ಟಾಂಟಿನೋಪಲ್ ಪಟ್ಟಣವನ್ನು ನಾನು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಬೀಳಿಸುತ್ತೇನೆ. ಹತ್ತನೆಯ ಇಯತ್ತೆಯ ಸಮಾಜ ವಿಜ್ಞಾನದಲ್ಲಿ ಮೊದಲಿಗೇ ಅದು ಬೀಳಬೇಕು. ಅದು ಬೀಳದಿದ್ದರೆ ಯುರೋಪಿನವರು ಭಾರತಕ್ಕೆ ಸಮುದ್ರದ ದಾರಿ ಹುಡುಕುವುದಿಲ್ಲ. ಅವರು ಹುಡುಕದಿದ್ದರೆ ಮುಂದಿನ ಪಾಠಗಳಿಲ್ಲ. ಪಾಠಗಳಿಲ್ಲದಿದ್ದರೆ ಗುರಲಿಂಗಪ್ಪ ಮಾಸ್ತರನೆಂಬ ನನಗೆ ಕೆಲಸವಿಲ್ಲ. ಆದ್ದರಿಂದ ಮಳೆ ಬರಲಿ ಬಿಡಲಿ, ಶಾಲೆ ಶುರುವಾದ ವಾರದಲ್ಲೇ ಆಟೋಮನ್ ಟರ್ಕರನ್ನು ಕರೆತಂದು, ಕೋಟೆ ಒಡೆಸಿ, ಹುಡುಗರ ಕೈಯಲ್ಲಿ ಇಸವಿ ಬಾಯಿಪಾಠ ಮಾಡಿಸಿಬಿಡುತ್ತೇನೆ. ಹೀಗೆ ಮೂವತ್ತು ವರ್ಷ ಬೀಳಿಸಿದ ಪಟ್ಟಣವನ್ನು ಒಮ್ಮೆಯೂ ಕಣ್ಣಿಂದ ನೋಡಿಲ್ಲವೆಂಬುದೇ ನನ್ನ ದುಃಖ.

ಕಳೆದ ಜೂನ್‌ನಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್ರ, ಆ ಊರು ನೀವು ನೋಡೀರೇನ್ರಿ?" ಎಂದಳು.

"ನೋಡಿದಂಗ ಐತಿ, ಕುಂಡ್ರು," ಎಂದೆ.

ಹುಡುಗಿ ಕುಳಿತಳು, ಪ್ರಶ್ನೆ ಕುಳಿತುಕೊಳ್ಳಲಿಲ್ಲ. ಬರುವ ವರ್ಷ ನನಗೆ ನಿವೃತ್ತಿ. ಆ ದಿನ ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ, ನಾಲ್ಕು ಮಾತು ಆಡಿ ಎನ್ನುತ್ತಾರೆ. ಆ ನಾಲ್ಕು ಮಾತಿನಲ್ಲಿ ಒಂದು, "ಆ ಪಟ್ಟಣವನ್ನು ನಾನು ಕಣ್ಣಾರೆ ಕಂಡು ಬಂದಿದ್ದೇನೆ" ಎಂಬುದಾಗಿರಬೇಕೆಂದು ನನಗೆ ಆಸೆಯಾಯಿತು. ಕಾರು ಬೇಡ, ಬಂಗಲೆ ಬೇಡ, ಅದೊಂದು ಮಾತು ಸುಳ್ಳಾಗದೆ ಹೇಳಬೇಕು, ಅಷ್ಟೆ.

ನಾವು ಕೊಲ್ಹಾರದವರು. ಕೊಲ್ಹಾರವೆಂದರೆ ಕೃಷ್ಣೆಯ ಹಿನ್ನೀರು, ಉದ್ದನೆಯ ಸೇತುವೆ ಮತ್ತು ಮೊಸರು. ನಮ್ಮಲ್ಲಿ ಮೊಸರನ್ನು ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕುತ್ತಾರೆ. ಗಡಿಗೆಯನ್ನು ಬೋರಲು ಹಾಕಿದರೂ ಮೊಸರು ಕೆಳಗೆ ಬೀಳಬಾರದು, ಬಿದ್ದರೆ ಅದು ಮೊಸರಲ್ಲ, ಮಜ್ಜಿಗೆಯ ಹಿರಿಯಕ್ಕ. ನನ್ನ ಹೆಂಡತಿ ರೇಣುಕಾಳ ಕೈಯ ಮೊಸರು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಬಿದ್ದಿಲ್ಲ. ಊರಲ್ಲಿ ನನ್ನನ್ನು ಗುರುತಿಸುವುದು ಕೂಡ "ಮೊಸರಿನ ರೇಣುಕಕ್ಕನ ಮನಿಯವ್ರು" ಎಂದೇ. (ಹೈಸ್ಕೂಲಿನ ಹಿರಿಯ ಶಿಕ್ಷಕ ಎಂಬುದು ಹಾಜರಿ ಪುಸ್ತಕದೊಳಗೆ ಮಾತ್ರ.)

ಒಂದು ಸಂಜೆ ಊಟದ ಹೊತ್ತಿಗೆ ಗಂಟಲು ಸರಿಪಡಿಸಿಕೊಂಡು ಘೋಷಣೆ ಹೊರಡಿಸಿದೆ.

"ಈ ಸಲ ಬ್ಯಾಸಿಗಿ ಸೂಟ್ಯಾಗ ನಾವೆಲ್ಲಾರೂ ಇಸ್ತಾಂಬುಲ್‌ಗೆ ಹೋಗೂದು."

ತಾಯಿ ರೇವವ್ವ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. "ಅದು ಯಾವ ತಾಲೂಕಿನ್ಯಾಗ ಬರ್ತೈತಿ?"

"ಟರ್ಕಿ ದೇಶದಾಗ ಬೇ. ಹಿಂದಕ ಅದಕ್ಕ ಕಾನ್‌ಸ್ಟಾಂಟಿನೋಪಲ್ ಅಂತಿದ್ರು. ನಾ ಸಾಲ್ಯಾಗ ಹೇಳ್ತೇನಲ್ಲ, ಬಿತ್ತು ಅಂತ, ಅದಽ ಊರು."

"ಬಿದ್ದ ಊರು ನೋಡಾಕ ಅಷ್ಟು ದೂರ ಯಾಕೋ ಯಪ್ಪಾ? ನಮ್ಮ ಹಳೇ ಕೊಲ್ಹಾರ ಹಿನ್ನೀರಾಗ ಊರಿಗೂರಽ ಮುಳುಗೈತಿ. ಬ್ಯಾಸಿಗ್ಯಾಗ ನೀರು ಇಳೀತಂದ್ರ ದಂಡಿಗೆ ನಿಂತು ನೋಡಬೋದು. ಬುತ್ತಿ ಕಟ್ಕೊಂಡು ಹೋದ್ರ ಸಂಜೀಕ ಮನಿಗೆ ಬರಬೋದು."

ವಿಜಯಪುರದಲ್ಲಿ ಬಿ.ಎಡ್. ಓದುವ ಮಗಳು ಭಾಗ್ಯಾ ರಜೆಗೆಂದು ಬಂದಿದ್ದಳು. ಅವಳು ಆಗಲೇ ಮೊಬೈಲಿನಲ್ಲಿ ವಿಮಾನ ಹುಡುಕತೊಡಗಿದ್ದಳು. ಉಳಿದದ್ದು ರೇಣುಕಾಳ ತೀರ್ಪು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ತಿರುಗಿ ನೋಡಲೂ ಇಲ್ಲ.

"ಎಮ್ಮಿ ಯಾರು ಹಿಂಡಾವ್ರು?"

ಆ ಪಟ್ಟಣದ ಕೋಟೆಗೆ ಮುತ್ತಿಗೆ ಹಾಕಿದವರಿಗೆ ಎದುರಾದ ಅಡ್ಡಿಗಳನ್ನೆಲ್ಲ ನಾನು ಮಕ್ಕಳಿಗೆ ವಿವರವಾಗಿ ಹೇಳಿದ್ದೇನೆ. ಇದು ಅವುಗಳಲ್ಲಿ ಇರಲಿಲ್ಲ. ಆದರೂ ನಾನು ಸಿದ್ಧನಾಗಿಯೇ ಬಂದಿದ್ದೆ.

"ರೇಣುಕಾ, ಮೊಸರಂದ್ರ ಟರ್ಕಿಯವ್ರು ಜೀವ ಬಿಡ್ತಾರ. ಜಗತ್ತಿಗೆ ಮೊಸರು ತಿನ್ನಾಕ ಕಲಿಸಿದವ್ರಽ ನಾವು ಅಂತ ಹೇಳ್ಕೋತ ಅಡ್ಡಾಡ್ತಾರಂತ."

ರೊಟ್ಟಿ ಬಡಿಯುವ ಸದ್ದು ನಿಂತಿತು. "ಯಾರು ಹಂಗಂದವ್ರು?"

"ಪುಸ್ತಕದಾಗ ಐತಿ."

"ಕೊಲ್ಹಾರದವ್ರ ಮುಂದ ಹೇಳಬ್ಯಾಡ್ರಿ ಅದನ್ನ. ಗಡಿಗಿ ಬೋರಲ ಹಾಕಿದ್ರ ಅವ್ರ ಮೊಸರು ನಿಂದ್ರತೈತೇನು, ಕೇಳ್ರಿ."

"ಇಲ್ಲಿ ಕುಂತು ಹೆಂಗ ಕೇಳೂದು? ಹೋಗಿ ನೋಡಬೇಕು."

ಅವಳು ಹಂಚಿನ ಮೇಲಿದ್ದ ರೊಟ್ಟಿ ಕರಕಾಗುವವರೆಗೆ ಯೋಚಿಸಿದಳು. "ನೋಡೂಣಂತ. ಎಮ್ಮಿಗೆ ಯಾರನ್ನರ ಗೊತ್ತು ಮಾಡ್ರಿ. ಕಸ್ತೂರಿ ಒಪ್ಪಿದ್ರ ನಾನೂ ಬರ್ತೇನಿ."

ಹೀಗೆ ನನ್ನ ವಿದೇಶ ಪ್ರವಾಸ ಒಂದು ಎಮ್ಮೆಯ ಒಪ್ಪಿಗೆಯ ಮೇಲೆ ನಿಂತಿತು.

ಕಸ್ತೂರಿ ಸಾಮಾನ್ಯ ಎಮ್ಮೆಯಲ್ಲ. ರೇಣುಕಾಳ ತವರಾದ ಮುಳವಾಡದಿಂದ ಬಂದವಳು, ಆದ್ದರಿಂದ ನಮ್ಮ ಮನೆಯಲ್ಲಿ ಅವಳ ಮಾತಿಗೆ ತೂಕವಿದೆ. ಕರು ಬಾಯಿ ಹಚ್ಚಿದಾಗ ಒಂದಿಷ್ಟು ಹಾಲು ಬಿಡುತ್ತಾಳೆ. ಕರುವನ್ನು ಎಳೆದು ಗೂಟಕ್ಕೆ ಕಟ್ಟಿದೊಡನೆ ಮಿಕ್ಕದ್ದನ್ನೆಲ್ಲ ಏರಿಸಿಕೊಂಡು ನಿಂತುಬಿಡುತ್ತಾಳೆ. ಆಮೇಲೆ ರೇಣುಕಾ ತನ್ನ ಹಸಿರು ಇಳಕಲ್ಲ ಸೀರೆ ಉಟ್ಟು, ಹಣೆಯನ್ನು ಅವಳ ಪಕ್ಕೆಗೆ ಆನಿಸಿ ಕುಳಿತು, ಮೆಲ್ಲಗೆ ಏನೋ ಗುನುಗಬೇಕು. ಆಗ ಮಾತ್ರ ಬಕೆಟ್ಟಿನಲ್ಲಿ ನೊರೆ ಏಳುತ್ತದೆ. ಆ ಗುನುಗು ಯಾವುದೋ ಬೀಸುಕಲ್ಲಿನ ಪದವೋ ವಚನವೋ ಇರಬೇಕೆಂದು ನಾನು ತಿಳಿದಿದ್ದೆ. (ನನ್ನ ಹೆಂಡತಿ ಎಮ್ಮೆಗೂ ವಚನ ಹಾಡುತ್ತಾಳೆಂದು ಶಾಲೆಯ ಸಹೋದ್ಯೋಗಿಗಳ ಮುಂದೆ ಹೆಮ್ಮೆಪಟ್ಟದ್ದೂ ಉಂಟು.) ರೇಣುಕಾಳ ಹೊರತು ಬೇರೆ ಯಾರು ಹತ್ತಿರ ಹೋದರೂ ಕಸ್ತೂರಿಯ ಹಿಂಗಾಲು ಮಾತಾಡುತ್ತದೆ.

"ನಾವು ಬರೂತನಕ ಎಲ್ಲಾ ಹಾಲು ಕರಕ್ಕಽ ಬಿಟ್ರಾತು," ಎಂದು ಒಂದು ಸೂಚನೆ ಮಂಡಿಸಿದೆ.

"ಮಾಸ್ತರ ಆಗಿ ಏನು ಬಂತೋ?" ಎಂದಳು ಅವ್ವ. "ಕರ ಹೊಟ್ಟಿ ಕೆಟ್ಟು ಸಾಯ್ತೈತಿ. ನೀ ದಿನಾ ಮದಿವಿ ಊಟ ಉಂಡ್ರ ಬದುಕ್ತೀಯೇನು?"

ಸೂಚನೆ ಬಿದ್ದುಹೋಯಿತು. ಅತ್ತ ಭಾಗ್ಯಾ ವಿಜಯಪುರದ ಟ್ರಾವೆಲ್ಸಿನವರನ್ನು ಹಿಡಿದು ಪಾಸ್‌ಪೋರ್ಟು, ವೀಸಾ, ಟಿಕೀಟು ಎಲ್ಲ ಮಾಡಿಸಿಬಿಟ್ಟಳು. ಕಿಟಕಿ ಪಕ್ಕದ ಸೀಟು ನನಗೇ ಬೇಕೆಂದು ಒತ್ತಿ ಹೇಳಿದ್ದೆ. ಸಂಜೆಗೊಮ್ಮೆ ಗೋಡೆಗೆ ಜಗತ್ತಿನ ನಕಾಶೆ ತೂಗುಹಾಕಿ ಮನೆಮಂದಿಗೆಲ್ಲ ತಯಾರಿಯ ಪಾಠ ಶುರುಮಾಡಿದೆ. ಸುಲ್ತಾನನು ಹಡಗುಗಳನ್ನು ನೆಲದ ಮೇಲೆ ಎಳೆಸಿ ಆಚೆ ನೀರಿಗೆ ಇಳಿಸಿದ ರೋಮಾಂಚಕ ಭಾಗ ಹೇಳುತ್ತಿದ್ದಾಗ, ತೂಕಡಿಸುತ್ತಿದ್ದ ಅವ್ವ ಕಣ್ಣು ತೆರೆದಳು.

"ನಾವೇನು ಕಡಿಮಿ ಎಳದೀವೇನು? ಊರು ಮುಳುಗೂ ಮುಂದ ಮನಿ ತೊಲಿ, ಬಾಗಲಾ, ಕಂಬ ಎಲ್ಲಾ ಚಕ್ಕಡ್ಯಾಗ ಹೇರ್ಕೊಂಡು ಇಲ್ಲೀತನಕ ಎಳಕೊಂಡು ಬಂದೀವಿ. ನಮ್ಮ ಪಾಠ ಯಾವ ಮಾಸ್ತರನೂ ಮಾಡಂಗಿಲ್ಲ."

ಪಾಠ ಅಲ್ಲಿಗೆ ಮುಗಿಸಿದೆ.

ಇನ್ನು ಎಮ್ಮೆ ಹಿಂಡುವವರ ಹುಡುಕಾಟ. ಮೊದಲು ಪಕ್ಕದ ಮನೆಯ ಸಗೀರಾಳನ್ನು ಕೇಳಿದೆವು. ಅವಳ ಗಂಡ ಜಹೀರ ಬಸ್‌ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ಇಟ್ಟಿದ್ದಾನೆ. ಇವಳು ಮನೆಯಲ್ಲಿ ಆಡು ಸಾಕಿದ್ದಾಳೆ. ಧೈರ್ಯದ ಹೆಣ್ಣುಮಗಳು. ರೇಣುಕಾಳ ಹಸಿರು ಸೀರೆಯನ್ನೇ ಉಟ್ಟು, ಸೆರಗು ಹೊದ್ದು, ಕಸ್ತೂರಿಯ ಪಕ್ಕ ಕುಳಿತಳು. ಕಸ್ತೂರಿ ಸೀರೆಯನ್ನು ಮೂಸಿದಳು. ಕತ್ತು ಹೊರಳಿಸಿ ಸಗೀರಾಳ ಮುಖ ನೋಡಿದಳು. ಆಮೇಲೆ ಬಕೆಟ್ಟು ಅಂಗಳದಲ್ಲಿತ್ತು.

ಎರಡನೆಯವನು ಸೋಮನಿಂಗ, ದನದ ದಲಾಲಿ. "ಇಂಡಿ, ಸಿಂದಗಿ ಸಂತ್ಯಾಗ ಎಂಥೆಂಥಾ ಎಮ್ಮಿ ಪಳಗಿಸೀನ್ರಿ ಮಾಸ್ತರ, ಇದೇನು ದೊಡ್ಡ ಮಾತು?" ಎಂದು ಧೋತರ ಎತ್ತಿ ಕಟ್ಟಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಸೆಗಣಿ ಗುಂಡಿಯ ಅಂಚಿನಲ್ಲಿ ಕುಳಿತಿದ್ದ. ಎದ್ದು ಧೋತರ ಕೊಡವಿಕೊಂಡು, "ಇದು ಎಮ್ಮಿ ಅಲ್ರಿ, ಅತ್ತಿ!" ಎಂದು ತೀರ್ಪು ಕೊಟ್ಟು ಹೊರಟುಹೋದ. (ಅವ್ವ ಆ ದಿನವೆಲ್ಲ ಮಾತು ಬಿಟ್ಟಿದ್ದಳು.)

ಆಗ ಭಾಗ್ಯಾಳಿಗೆ ಹೊಳೆಯಿತು. "ಅವ್ವ ಹಿಂಡೂ ಮುಂದ ಹಾಡತಾಳಲ್ಲ, ಅದನ್ನ ರೆಕಾರ್ಡ್ ಮಾಡಿ ಹಚ್ಚೂಣು. ಕಸ್ತೂರಿಗೆ ಅವ್ವನಽ ಕುಂತಾಳ ಅನಿಸ್ತೈತಿ." ಮರುದಿನ ಮುಂಜಾನೆ ರೇಣುಕಾಳಿಗೆ ತಿಳಿಯದಂತೆ ಮೇವು ಹಾಕುವ ಗೋದಲಿಯಲ್ಲಿ ಮೊಬೈಲು ಇಟ್ಟು ಧ್ವನಿಮುದ್ರಣ ಮಾಡಿದಳು. ಚಹಾದ ಹೊತ್ತಿಗೆ ನಾವೆಲ್ಲ ಪಡಸಾಲೆಯಲ್ಲಿ ಕುಳಿತು ಕೇಳಿದೆವು. ನಾನು ವಚನ ಕೇಳುವ ಭಕ್ತಿಯಿಂದ ಕಣ್ಣು ಮುಚ್ಚಿದ್ದೆ.

"ಕೇಳಿದೇನವಾ ಕಸ್ತೂರಿ, ನಮ್ಮ ಮನಿಯವ್ರು ನಿನ್ನೆ ಏನು ಮಾಡ್ಯಾರಂತ? ಮೋಟರ್ ಚಾಲೂ ಮಾಡಿ ಪೇಪರ್ ಹಿಡ್ಕೊಂಡು ಕುಂತ್ರು. ಟಾಕಿ ತುಂಬಿ, ಅಂಗಳ ತುಂಬಿ, ನೀರು ಓಣಿಗುಂಟ ಹರೀಲಿಕ್ಕತ್ತೇತಿ. 'ಬಂದೆ ಬಂದೆ' ಅಂತಾರ, ಏಳಂಗಿಲ್ಲ. ಹಬ್ಬಕ್ಕ ಸೀರಿ ತರ್ತೇನಂತ ವಿಜಯಪುರಕ್ಕ ಹೋದಾವ್ರು ಜಗತ್ತಿನ ನಕಾಶಿ ತಂದ್ರು. ಅದನ್ನೇನು ನಾ ಉಟ್ಕೊಳ್ಳಲೇನು? ಯಾರರ ಬಂದ್ರ ಒಳಗ ಏನೈತಿ ಏನಿಲ್ಲ ಕೇಳದಽ, 'ಊಟ ಮಾಡ್ಕೊಂಡಽ ಹೋಗ್ರಿ' ಅಂತಾರ..."

ಹಿನ್ನೆಲೆಯಲ್ಲಿ ಹಾಲು ಬಕೆಟ್ಟಿಗೆ ಬೀಳುವ ಸದ್ದು ಒಂದೇ ಲಯದಲ್ಲಿ ಕೇಳುತ್ತಿತ್ತು. ದೂರು ಬಿರುಸಾದಂತೆಲ್ಲ ಹಾಲೂ ಬಿರುಸಾಗುತ್ತಿತ್ತು. ರೆಕಾರ್ಡು ಮುಗಿಯಿತು.

"ಖರೇನಽ ಹೇಳ್ಯಾಳ," ಎಂದಳು ಅವ್ವ.

"ರೇಣುಕಾ, ಇದು ವಚನೇನು?" ಎಂದೆ.

ರೇಣುಕಾ ನಾಚಲಿಲ್ಲ. "ಮನಷ್ಯಾರ ಮುಂದ ಹೇಳಿದ್ರ ಊರ ತುಂಬ ಹಬ್ಬತೈತ್ರಿ. ಕಸ್ತೂರಿ ಯಾರ ಮುಂದೂ ಬಾಯಿ ಬಿಡಂಗಿಲ್ಲ."

"ದಿನಾ ಹೇಳ್ತೀ?"

"ದಿನಾ ಎರಡು ಸಲ ಹಿಂಡಬೇಕಲ್ರಿ."

ನನಗೆ ಬೇಸರವಾಯಿತು, ಸುಳ್ಳೇಕೆ ಹೇಳಲಿ. ನಾವು ಕುಡಿದ ಹಾಲು, ಊರಿಗೆ ಹಂಚಿದ ಮೊಸರು, ಹಬ್ಬದ ತುಪ್ಪ, ಎಲ್ಲವೂ ನನ್ನ ಮಾನದಿಂದ ಹಿಂಡಿದ್ದೇ ಆಗಿತ್ತು. ಆದರೆ ಇಸ್ತಾಂಬುಲ್ ದೊಡ್ಡದು, ಮಾನ ಸಣ್ಣದು. ಅಂದು ಸಂಜೆ ಸಗೀರಾ ಮತ್ತೆ ಹಸಿರು ಸೀರೆ ಉಟ್ಟು ಕುಳಿತಳು, ಭಾಗ್ಯಾ ರೆಕಾರ್ಡು ಹಚ್ಚಿದಳು, ಕಸ್ತೂರಿ ಹಾಲು ಬಿಟ್ಟಳು! ನಾವೆಲ್ಲ ಕುಣಿದಾಡುವುದೊಂದು ಬಾಕಿ. ಮರುದಿನ ಮುಂಜಾನೆ ಅದೇ ರೆಕಾರ್ಡು ಹಚ್ಚಿದರೆ ಕಸ್ತೂರಿ ಎರಡು ಮಾತು ಕೇಳಿದವಳೇ ಮುಖ ತಿರುಗಿಸಿ, ನಾಲಿಗೆ ಚಾಚಿ, ತನಗೆಂದು ಶೇಂಗಾ ಹಿಂಡಿ ನೆನೆಹಾಕಿದ್ದ ಬಕೆಟ್ಟಿಗೆ ಮೊಬೈಲನ್ನು ಕೆಡವಿದಳು.

"ಹಳೇ ಸುದ್ದಿ ಅಕಿಗೆ ಸೇರಂಗಿಲ್ಲ," ಎಂದಳು ರೇಣುಕಾ. "ದಿನಾ ಹೊಸಾದು ಹೇಳ್ತೇನಿ ನಾ."

"ದಿನಾ ಹೊಸಾದು ಎಲ್ಲಿಂದ ತರ್ತೀ?"

"ನೀವು ಅದೀರಲ್ಲ."

ಹಾಗಾದರೆ ಸಗೀರಾಳೇ ಬಾಯಿಬಿಟ್ಟು ನನ್ನನ್ನು ಬೈಯಬೇಕೆಂದು ನಿರ್ಣಯವಾಯಿತು. ರೇಣುಕಾ ಕಣ್ಣಿಗೆ ಬೀಳದಂತೆ ಗೋಡೆಯ ಆಚೆ, ಸಗೀರಾಳ ಅಂಗಳದಲ್ಲಿ ನಿಂತಳು. ಸಗೀರಾ ಹಣೆಯನ್ನು ಎಮ್ಮೆಯ ಪಕ್ಕೆಗೆ ಆನಿಸಿ ಶುರುಮಾಡಿದಳು.

"ಮಾಸ್ತರ್ರು ಭಾಳ ಶಾಣ್ಯಾ ಮನಷ್ಯಾರವಾ ಕಸ್ತೂರಿ. ನಮ್ಮ ಮಕ್ಕಳಿಗೆ ಮನೀಗೆ ಕರದು ಪಾಠ ಹೇಳಿಕೊಟ್ಟಾರ..."

ಕಸ್ತೂರಿಯ ಕಾಲು ಮೇಲೆದ್ದಿತು.

"ಬೈಬೇಕವಾ ಸಗೀರಾ, ಹೊಗಳಬಾರದು!" ಎಂದು ಗೋಡೆಯಾಚೆಯಿಂದ ರೇಣುಕಾ ಕೂಗಿದಳು.

"ಬ್ಯಾರೇದವ್ರ ಗಂಡನ್ನ ಹೆಂಗ ಬೈಲ್ರೀ ಅಕ್ಕಾರ? ಬಾಯಿ ಬರವಲ್ದು. ನನ್ನ ಗಂಡನ್ನ ಬೈಲೇನು? ಅದರಾಗ ರೂಢಿ ಐತಿ."

"ಹೂಂ, ಅದನ್ನಽ ಬೈ, ನೋಡೂಣು."

ಆಮೇಲೆ ನಾವು ಕೇಳಿದ್ದು ಒಂದು ಮಹಾಪ್ರವಾಹ. ಜಹೀರನ ಗ್ಯಾರೇಜಿನ ಎಣ್ಣೆ ಬಟ್ಟೆಗಳಿಂದ ಹಿಡಿದು ಅವನ ಅಕ್ಕಂದಿರವರೆಗೆ ಸಗೀರಾ ಉಸಿರು ತೆಗೆದುಕೊಳ್ಳದೆ ಹೇಳಿದಳು. ಕಸ್ತೂರಿ ಮೆಲುಕು ನಿಲ್ಲಿಸಿ, ಕಿವಿ ನಿಮಿರಿಸಿ, ಆಸಕ್ತಿಯಿಂದ ಕೇಳಿದಳು. ಹಾಲು ಮಾತ್ರ ಒಂದು ಹನಿ ಬಿಡಲಿಲ್ಲ. ಪರರ ಮನೆಯ ಸುದ್ದಿ ಕೇಳಲು ಚೆಂದ, ಕರುಳು ಕಿವುಚುವುದು ನಮ್ಮ ಮನೆಯದೇ. ಅಷ್ಟರಲ್ಲಿ ಗೋಡೆಯಾಚೆ ಗಂಡಸಿನ ಕೆಮ್ಮು ಕೇಳಿತು. ಜಹೀರ ಊಟಕ್ಕೆ ಮನೆಗೆ ಬಂದಿದ್ದ. ಸಗೀರಾ ಬಕೆಟ್ಟು ಅಲ್ಲೇ ಬಿಟ್ಟು ಹೋದವಳು ಮತ್ತೆ ಹಿಂಡಲು ಈ ಕಡೆ ಮುಖ ಹಾಕಲಿಲ್ಲ.

ಹೊರಡುವ ದಿನ ಹತ್ತಿರ ಬಂತು. ರೇಣುಕಾ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಬುತ್ತಿಗೆಂದು ಮಾಡಿಟ್ಟಿದ್ದಳು, ಆದರೆ ಮುಖದಲ್ಲಿ ಕಳೆಯಿರಲಿಲ್ಲ. ನನಗೋ ತಲೆ ಕೆಟ್ಟಿತ್ತು. ಇಷ್ಟು ವರ್ಷ ಮಕ್ಕಳಿಗೆ ಕಲಿಸಿದವನು ಒಂದು ಎಮ್ಮೆಗೆ ಸೋಲುವುದೆ? ಪ್ರಯೋಗ ಮಾಡಿಯೇ ತೋರಿಸುತ್ತೇನೆಂದು ಸಿಟ್ಟಿನಿಂದ ಹಸಿರು ಸೀರೆಯನ್ನು ಪ್ಯಾಂಟಿನ ಮೇಲೆಯೇ ಸುತ್ತಿಕೊಂಡು, ತಲೆಯ ಮೇಲೆ ಸೆರಗು ಹೊದ್ದು ಕೊಟ್ಟಿಗೆಗೆ ನಡೆದೆ. ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಹಿಂಡುವ ಕೆಲಸ ನನಗೆ ಚಿಕ್ಕಂದಿನಿಂದ ಗೊತ್ತು, ನನ್ನನ್ನು ಹತ್ತಿರ ಬಿಟ್ಟುಕೊಳ್ಳದವಳು ಕಸ್ತೂರಿ.

"ಕಸ್ತೂರಿ, ನಾನು ಮೋಟರ್ ಬಂದ್ ಮಾಡೂದು ಮರೀತೇನಿ," ಎಂದು ವಿನಯದಿಂದ ಶುರುಮಾಡಿದೆ.

ಬಾಲದಿಂದ ಮುಖಕ್ಕೆ ಒಂದು ಬಿಟ್ಟಳು. ಅವಳಿಗೆ ತಪ್ಪೊಪ್ಪಿಗೆ ಬೇಕಿರಲಿಲ್ಲ, ದೂರು ಬೇಕಿತ್ತು. ನಾನು ಧ್ವನಿ ಇಳಿಸಿ, ರೇಣುಕಾಳಂತೆ ಒಂದು ನಿಟ್ಟುಸಿರು ಬಿಟ್ಟೆ.

"ಏನಂತ ಹೇಳ್ಲೇವಾ ಕಸ್ತೂರಿ... ನಮ್ಮ ಮನಿಯವ್ರು..."

ಕಸ್ತೂರಿಯ ಕಿವಿ ಹಿಂದಕ್ಕೆ ತಿರುಗಿತು.

"ನಮ್ಮ ಮನಿಯವ್ರು ಹಸಿ ಟವೆಲ್ಲು ಹಾಸಿಗಿ ಮ್ಯಾಲೆ ಒಗೀತಾರ. ಪೇಪರ್ ಮಾರಿ ಮ್ಯಾಲೆ ಹೊಚ್ಕೊಂಡು ಮಲಗಿ, 'ಓದಾಕತ್ತೇನಿ' ಅಂತಾರ. ಒಂದು ಮಾತು ಕೇಳಿದ್ರ ಹತ್ತು ರಾಜರ ಹೆಸರು ಹೇಳ್ತಾರ..."

ಕೈಯಲ್ಲಿ ಹಾಲು ಇಳಿಯಿತು. ಮೊದಲು ಸಣ್ಣಗೆ, ಆಮೇಲೆ ಧಾರೆ ಧಾರೆಯಾಗಿ. ನನಗೆ ಆವೇಶ ಬಂದುಬಿಟ್ಟಿತು. ರೇಣುಕಾಳಿಗೂ ತಿಳಿಯದ ಸಂಗತಿಗಳು ಬಾಯಿಂದ ಬರತೊಡಗಿದವು.

"ಹ್ವಾದ ಸಂತ್ಯಾಗ ತಂದ ಗಜ್ಜರಿ ಕೊಳತಿದ್ವಲ್ಲವಾ, ವ್ಯಾಪಾರಿ ಮೋಸ ಮಾಡ್ದ ಅಂತ ಮನ್ಯಾಗ ಸುಳ್ಳು ಹೇಳ್ಯಾರ. ಅವನ ಕೂಡ ಇತಿಹಾಸ ಮಾತಾಡ್ಕೋತ ನಿಂತು, ಚೀಲದಾಗ ಏನು ಬಿತ್ತಂತ ನೋಡೇ ಇಲ್ಲ..."

"ಹಾಂ! ನನಗ ಗೊತ್ತಿತ್ತು!" ಎಂದು ಗೋಡೆಯಾಚೆ ಮರೆಯಲ್ಲಿ ನಿಂತಿದ್ದ ರೇಣುಕಾಳ ಧ್ವನಿ ಬಂತು. ಆ ಧ್ವನಿ ಕೇಳಿಯೂ ಕಸ್ತೂರಿ ಅಲುಗಲಿಲ್ಲ. ಬಕೆಟ್ಟು ತುಂಬಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ನೊರೆ ತುಂಬಿದ ಬಕೆಟ್ಟನ್ನು ಎತ್ತಿ ಹಿಡಿದು, ಗೆದ್ದ ಸುಲ್ತಾನನಂತೆ ಅಂಗಳಕ್ಕೆ ಬಂದೆ.

ಕಾನ್‌ಸ್ಟಾಂಟಿನೋಪಲ್ ಬಗ್ಗೆ ಒಂದು ಕಥೆಯಿದೆ. ಅಷ್ಟು ದೊಡ್ಡ ಕೋಟೆ, ಅಷ್ಟು ದಪ್ಪ ಗೋಡೆ. ಆದರೆ ಒಂದು ಸಣ್ಣ ಬಾಗಿಲು ಹಾಕುವುದನ್ನು ಯಾರೋ ಮರೆತರಂತೆ, ವೈರಿಗಳು ಅಲ್ಲಿಂದಲೇ ಒಳಗೆ ಬಂದರಂತೆ. ಅಂಗಳದಲ್ಲಿ ಅವ್ವ ನನ್ನನ್ನು ನೋಡಿದಳು, ಭಾಗ್ಯಾ ಅಜ್ಜಿಯನ್ನು ನೋಡಿದಳು, ರೇಣುಕಾ ಬಕೆಟ್ಟನ್ನು ನೋಡಿದಳು. ನಾನು ತೆರೆದಿಟ್ಟ ಬಾಗಿಲು ಯಾವುದೆಂದು ಆಗ ನನಗೆ ತಿಳಿಯಲಿಲ್ಲ.

ಅಂದು ಊಟಕ್ಕೆ ಕುಳಿತಾಗ ರೇಣುಕಾ ನನ್ನ ತಾಟಿಗೆ ಗಟ್ಟಿ ಮೊಸರು ಹಾಕುತ್ತ, "ನೀವು, ಅತ್ತಿಯಾರು, ಭಾಗ್ಯಾ ಹೋಗಿ ಬರ್ರಿ," ಎಂದಳು. "ಕಸ್ತೂರಿ ಜೋಡಿ ನಾ ಇರ್ತೇನಿ. ನನ್ನ ನಸೀಬದಾಗ ವಿಮಾನ ಎಲ್ಲಿ ಬರೀಬೇಕ್ರಿ?"

ನಮ್ಮ ಕಡೆ ಉಪಚಾರಕ್ಕೊಂದು ಕಾಯದೆಯಿದೆ. ಚಹಾ ತಗೋರಿ ಎಂದರೆ, "ಈಗಽ ಆಗೇತ್ರಿ" ಎನ್ನಬೇಕು. ಮತ್ತೆ ಒತ್ತಾಯಿಸಿದರೆ, "ಖರೇನಽ ಬ್ಯಾಡ್ರಿ" ಎನ್ನಬೇಕು. ಮೂರನೆಯ ಸಲಕ್ಕೆ, ನಿಮ್ಮ ಮನಸ್ಸು ಯಾಕೆ ನೋಯಿಸಲಿ ಎಂಬ ಮುಖ ಮಾಡಿ ಕಪ್ಪು ಎತ್ತಿಕೊಳ್ಳಬೇಕು. ಈ ಕಾಯದೆ ಮುರಿದವರನ್ನು ನಾನು ಕಂಡಿಲ್ಲ. ಆ ಭರವಸೆಯ ಮೇಲೆ ನಾನೂ ದೊಡ್ಡ ಮನಸ್ಸಿನ ಮಾತೊಂದನ್ನು ಆಡಿದೆ.

"ಛೇ, ಛೇ! ನೀ ಹೋಗು ರೇಣುಕಾ. ನಾ ಇರ್ತೇನಿ."

"ಆತು," ಎಂದಳು ರೇಣುಕಾ.

ಅವಳು "ಬ್ಯಾಡ್ರಿ" ಎನ್ನುವುದಕ್ಕಾಗಿ ಬಾಯಿ ತೆರೆದುಕೊಂಡು ಕಾದೆ. ಅವಳು ಅಟ್ಟದ ಮೇಲಿನ ಸೂಟ್‌ಕೇಸು ಇಳಿಸಲು ಒಳಗೆ ಹೋಗಿಬಿಟ್ಟಿದ್ದಳು.

"ನನಗೂ ಹೆಣಮಕ್ಕಳು ಜೋಡಿ ಇದ್ರ ಬೇಷಾಕೈತಿ," ಎಂದಳು ಅವ್ವ, ಮೊಸರಿನ ಬೆರಳು ನೆಕ್ಕುತ್ತ. "ನಿನ್ನ ಊರು ನಾ ನೋಡ್ಕೊಂಡು ಬರ್ತೇನಿ ಬಿಡೋ. ನೀ ಅಷ್ಟು ಸಲ ಹೇಳೀದಿ, ಗುರುತು ಹತ್ತೇ ಹತ್ತತೈತಿ."

ಹೊರಡುವ ದಿನ ಓಣಿಯವರೆಲ್ಲ ಬುತ್ತಿ ಹಿಡಿದು ಬಂದರು. ಸಗೀರಾ, "ಅಲ್ಲಿ ನೀಲಿ ಮಣಿ ಸಿಗ್ತಾವಂತ, ದೃಷ್ಟಿ ತಾಗಂಗಿಲ್ಲಂತ, ಒಂದು ತರ್ರಿ ಅಕ್ಕಾರ," ಎಂದಳು. ಜೀಪು ಸೇತುವೆಯ ಕಡೆ ತಿರುಗಿತು. ರೇಣುಕಾ ಕಿಟಕಿಯಿಂದ ಕೈ ಹೊರಗೆ ಹಾಕಿ, "ಹಿಂಡಿ ನೆನೆ ಹಾಕೂದು ಮರೀಬ್ಯಾಡ್ರಿ!" ಎಂದು ಕೂಗಿದಳು. ನನಗೆ ನಿಜವಾಗಿ ಅಳು ಬಂತು. ಕೊಟ್ಟಿಗೆಯಲ್ಲಿ ಕಸ್ತೂರಿಯೂ ಒಂದು ಸಲ ಒದರಿದಳು, ಆದರೆ ಅದು ಹಿಂಡಿಗೆ.

ಆಮೇಲೆ ನನ್ನ ದಿನಗಳು ಒಂದು ಕ್ರಮಕ್ಕೆ ಬಂದವು. ಹೊಸ ದೂರುಗಳಿಗೆ ಬರಗಾಲವಿರಲಿಲ್ಲ. ಹಾಲು ಉಕ್ಕಿಸಿದೆ. ರೊಟ್ಟಿ ಬಡಿದರೆ ಆಸ್ಟ್ರೇಲಿಯಾ ಖಂಡವಾಯಿತು. ಮೋಟರ್ ಬಂದ್ ಮಾಡಲು ಮರೆತು ಓಣಿಯನ್ನು ಮತ್ತೊಮ್ಮೆ ತೋಯಿಸಿದೆ. ಮುಂಜಾನೆ ಮಾಡಿದ ತಪ್ಪನ್ನು ಸಂಜೆ ಹಸಿರು ಸೀರೆ ಉಟ್ಟು ಕಸ್ತೂರಿಗೆ ವರದಿ ಮಾಡುತ್ತಿದ್ದೆ, ಅವಳು ಮನಸ್ಸು ತುಂಬಿ ಹಾಲು ಕೊಡುತ್ತಿದ್ದಳು. ತಪ್ಪು ಮಾಡುವವನೂ ನಾನೇ, ದೂರುವವನೂ ನಾನೇ. ಇಂಥ ಸ್ವಾವಲಂಬನೆಯ ಸಂಸಾರ ಬೇರೆಲ್ಲೂ ಇರಲಿಕ್ಕಿಲ್ಲ. ಒಂದು ಸಂಜೆ ಮೊಸರಿಗೆಂದು ಬಂದವರು ನೇರವಾಗಿ ಕೊಟ್ಟಿಗೆಯ ಬಾಗಿಲಿಗೇ ಬಂದರು. ತಲೆಯೆತ್ತಿ ನೋಡಿದರೆ ಮುಂದಿನ ಬೆಂಚಿನ ಆ ಹುಡುಗಿ. ನನ್ನ ಸೆರಗನ್ನು ಬಹಳ ಹೊತ್ತು ನೋಡಿದಳು.

"ಸರ್ರ, ನೀವು ಆ ಊರಿಗೆ ಹ್ವಾಗಿಲ್ಲೇನ್ರಿ?"

"ಹೋದಂಗಽ ಐತಿ. ಗಡಿಗಿ ಹಿಡಿ," ಎಂದೆ.

ಇಸ್ತಾಂಬುಲ್‌ನಿಂದ ವಿಡಿಯೋ ಕರೆ ಬರುತ್ತಿತ್ತು. ಭಾಗ್ಯಾ ಕೋಟೆಯ ಗೋಡೆ ತೋರಿಸಿದಳು. ನಾನು ಮೂವತ್ತು ವರ್ಷ ಬೀಳಿಸಿದ ಗೋಡೆ ಬಿಸಿಲಿನಲ್ಲಿ ಗಟ್ಟಿಯಾಗಿ ನಿಂತಿತ್ತು. ಅದರ ಇತಿಹಾಸ ಎರಡು ಮಾತು ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ರೇಣುಕಾಳ ಮುಖ ಗೋಡೆಗೆ ಅಡ್ಡ ಬಂತು.

"ಗ್ವಾಡಿ ನೋಡಿದ್ರೆಲ್ಲ? ಈಗ ಮೊಬೈಲು ಕಸ್ತೂರಿ ಕಡೆ ಹೊಳ್ಳಸ್ರಿ. ಸೊರಗ್ಯಾಳೇನು?"

ಮೊಸರಿನ ತೀರ್ಪನ್ನೂ ಕೊಟ್ಟಳು. "ಗಟ್ಟಿ ಐತ್ರಿ. ಹೋಟೆಲಿನ್ಯಾಗ ಬಟ್ಟಲ ಬೋರಲ ಹಾಕಿ ನೋಡಿದೆ, ನಿಂತ್ತು. ಅಂವ ಗಾಬರಿ ಆಗಿ ಓಡಿ ಬಂದ. ಗಟ್ಟಿ ಖರೆ, ರುಚಿ ನಮ್ದಽ." ನನ್ನ ಕಿಟಕಿ ಪಕ್ಕದ ಸೀಟಿನ ವಿಷಯ ಅವ್ವ ಹೇಳಿದಳು. "ಹೊರಗ ನೋಡಿದ್ರ ಬರೇ ಹತ್ತಿ ಹಿಂಜಿ ಒಗದಂಗ ಇತ್ತು. ಏನು ನೋಡೂದು ಅದನ್ನ? ಪರದೆ ಎಳದು, ಎರಡೂ ಸೀಟಿನ ಮ್ಯಾಲೆ ಕಾಲು ಚಾಚಿ ಮಲಗಿದೆ."

ಮರಳಿ ಬಂದಾಗ ಮೂವರ ಮುಖದಲ್ಲೂ ಹೊಳಪಿತ್ತು. ಸಗೀರಾಳಿಗೆ ನೀಲಿ ಮಣಿ, ಕಸ್ತೂರಿಯ ಕೊರಳಿಗೆ ಅದಕ್ಕಿಂತ ದೊಡ್ಡ ನೀಲಿ ಮಣಿ. ನನಗೆ ಹೂವಿನ ಚಿತ್ತಾರದ ಒಂದು ರೇಶಿಮೆ ಸ್ಕಾರ್ಫು. "ಹಿಂಡೂ ಮುಂದ ತಲಿಗೆ ಕಟ್ಕೋರಿ, ಸೆರಗು ಜಾರತೈತಲ್ಲ," ಎಂದಳು ರೇಣುಕಾ ಅಕ್ಕರೆಯಿಂದ.

"ಇನ್ನ ನೀ ಬಂದೆಲ್ಲ," ಎಂದೆ. ಹಸಿರು ಸೀರೆಯನ್ನು ಒಗೆದು, ಮಡಿಚಿ, ಅವಳ ಕೈಗಿಟ್ಟೆ.

ಸಂಜೆ ರೇಣುಕಾ ಸೀರೆ ಉಟ್ಟು, ಹಣೆಯನ್ನು ಕಸ್ತೂರಿಯ ಪಕ್ಕೆಗೆ ಆನಿಸಿ ಕುಳಿತಳು. "ಏನಂತ ಹೇಳ್ಲೇವಾ ಕಸ್ತೂರಿ, ನಮ್ಮ ಮನಿಯವ್ರು..." ಎಂದವಳು ನಿಂತಳು. ಮುಂದೆ ಮಾತು ಬರಲಿಲ್ಲ. ಯೋಚಿಸಿದಳು. "ನಮ್ಮ ಮನಿಯವ್ರು ಪಾಪ, ನಮ್ಮನ್ನೆಲ್ಲಾ ಕಳಿಸಿ ತಾವು ಮನ್ಯಾಗ ಉಳಿದ್ರು. ಬಂಗಾರದಂಥಾ ಮನಷ್ಯಾರವಾ..."

ಬಕೆಟ್ಟು ಅಂಗಳದಲ್ಲಿ ಬಿತ್ತು.

ಅವತ್ತಿನಿಂದ ಇವತ್ತಿನವರೆಗೆ ರೇಣುಕಾ ಎಷ್ಟು ಪ್ರಯತ್ನಪಟ್ಟರೂ ಅವಳ ಬಾಯಿಂದ ನನ್ನ ಮೇಲೆ ದೂರು ಬರುತ್ತಿಲ್ಲ. ಸಮುದ್ರ, ದೋಣಿ, ದೊಡ್ಡ ಗುಮ್ಮಟ ಎಂದು ಶುರುಮಾಡುತ್ತಾಳೆ. ಕಸ್ತೂರಿಗೆ ಪ್ರವಾಸಕಥನ ಸೇರುವುದಿಲ್ಲ. ಮೆಚ್ಚಿಕೊಂಡ ಹೆಂಡತಿ ಸಿಕ್ಕಿದಳೆಂದು ನಾನು ಸಂತೋಷಪಡಬೇಕು, ಪಡುತ್ತಲೂ ಇದ್ದೇನೆ. ಹಾಲು ಹಿಂಡುವುದು ಮಾತ್ರ ನನ್ನ ಪಾಲಿಗೇ ಉಳಿಯಿತು.

ನಿನ್ನೆ ಊಟದ ಹೊತ್ತಿಗೆ ನಾನು ಜಗತ್ತಿನ ನಕಾಶೆಯ ಮುಂದೆ ನಿಂತು, ನಿವೃತ್ತಿಯ ಮುಂಚೆ ಒಬ್ಬನೇ ಆದರೂ ಒಂದು ಸಲ ಇಸ್ತಾಂಬುಲ್‌ಗೆ ಹೋಗಿಬರುವ ಮಾತು ತೆಗೆದೆ. ಮೂವರೂ ಒಟ್ಟಿಗೆ ತಲೆಯೆತ್ತಿದರು.

"ಎಮ್ಮಿ ಯಾರು ಹಿಂಡಾವ್ರು?" ಎಂದಳು ಅವ್ವ.

"ಅಪ್ಪಾ, ರೋಮ್ ಪಟ್ಟಣನೂ ಬಿದ್ದೈತಂತಲ್ಲ, ನಿನ್ನ ಪಾಠದಾಗ?" ಎಂದಳು ಭಾಗ್ಯಾ ಮೊಬೈಲಿನಿಂದ ಕಣ್ಣು ತೆಗೆಯದೆ.

"ಬರೂ ಬ್ಯಾಸಿಗಿಗೆ ಅದನ್ನೂ ನೋಡ್ಕೊಂಡು ಬರ್ತೇವ್ರಿ," ಎಂದಳು ರೇಣುಕಾ. "ಈಗ ಕಸ್ತೂರಿ ಚಿಂತಿ ಇಲ್ಲಲ್ಲ."

ಎದ್ದು ಹೋಗಿ ಹಸಿರು ಸೀರೆ ಸುತ್ತಿಕೊಂಡೆ, ಇಸ್ತಾಂಬುಲ್ಲಿನ ಸ್ಕಾರ್ಫನ್ನು ತಲೆಗೆ ಕಟ್ಟಿಕೊಂಡೆ, ಕಸ್ತೂರಿಯ ಪಕ್ಕೆಗೆ ಹಣೆ ಆನಿಸಿ ಕುಳಿತೆ. ಅವಳು ಕಿವಿ ಹಿಂದಕ್ಕೆ ತಿರುಗಿಸಿ ಕಾದಳು.

"ನಮ್ಮ ಮನಿಯವ್ರಿಗೆ ಬುದ್ಧಿ ಇಲ್ಲವಾ ಕಸ್ತೂರಿ," ಎಂದೆ.

ಆ ಒಂದೇ ಮಾತಿಗೆ ಬಕೆಟ್ಟು ತುಂಬಿತು.